ಪೂರ್ವದ ಬಾಲ್ಕನಿ, ಮೂರು ಗಂಟೆ ಬಿಸಿಲು: ಕುಂಡಕ್ಕೆ ಯಾವ ಗಿಡ?

ಮೂರನೇಮಹಡಿ:
ಊರು ಬೆಂಗಳೂರು. ಪೂರ್ವಕ್ಕೆ ಮುಖವಿರುವ ಬಾಲ್ಕನಿ, 9 ಅಡಿ ಉದ್ದ, 4 ಅಡಿ ಅಗಲ. ಮುಂದೆ ಕಂಬಿಯಿಲ್ಲ, 3 ಅಡಿ ಎತ್ತರದ ಗಟ್ಟಿ ಗೋಡೆ. ಮೇಲೆ ಪೂರ್ತಿ ಸ್ಲ್ಯಾಬ್. ಬಿಸಿಲು ಬೆಳಿಗ್ಗೆ 7ರಿಂದ 10ರವರೆಗೆ. ಸದ್ಯ 14 ಪ್ಲಾಸ್ಟಿಕ್ ಕುಂಡಗಳಿವೆ, ಎಲ್ಲವೂ 6 ಇಂಚಿನವು, ನೆಲದ ಮೇಲೆ ಗೋಡೆಗೆ ಒತ್ತಿ ಸಾಲಾಗಿಟ್ಟಿದ್ದೇನೆ. ದುಂಡುಮಲ್ಲಿಗೆ ಬಳ್ಳಿಯ ಹಾಗೆ ಚಾಚಿದೆ, ಒಂದೂ ಮೊಗ್ಗಿಲ್ಲ. ಗುಲಾಬಿ ಎಲೆ ಉದುರಿಸುತ್ತಿದೆ. ಟೇಬಲ್ ರೋಸ್ ಬುಡದಲ್ಲೇ ಕೊಳೆಯಿತು. ಹಾಕಿರುವುದು ಕೆಂಪು ಮಣ್ಣು, ಹಟ್ಟಿಗೊಬ್ಬರ, ತಳಕ್ಕೆ ಒಂದು ಪದರ ಜಲ್ಲಿ.

ನೋಡಲು ಚೆಂದ ಇರಬೇಕು, ಸ್ವಲ್ಪವಾದರೂ ಹೂ ಬೇಕು. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಯಾವ ಗಿಡ, ಎಷ್ಟು ದೊಡ್ಡ ಕುಂಡ, ಹೇಗೆ ಜೋಡಿಸಬೇಕು?

ಹಸಿರುಮೆಟ್ಟಿಲು:
ಗಿಡದ ಹೆಸರಿಗೆ ಬರುವ ಮುಂಚೆ ಬಿಸಿಲಿನ ಲೆಕ್ಕ ಸರಿ ಮಾಡಿಕೊಳ್ಳೋಣ. ಬಾಲ್ಕನಿಗೆ ಮೂರು ಗಂಟೆ ಬಿಸಿಲು ಬರುತ್ತಿರಬಹುದು, ನಿಮ್ಮ ಕುಂಡಗಳಿಗೆ ಬರುತ್ತಿಲ್ಲ. ಮಾರ್ಚ್ ಅಥವಾ ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಮೇಲೇರಿರುತ್ತಾನೆ. ಆಗ 3 ಅಡಿ ಗೋಡೆಯ ನೆರಳು 5 ಅಡಿಗಿಂತ ಉದ್ದ ಬೀಳುತ್ತದೆ, ಅಂದರೆ ನಿಮ್ಮ 4 ಅಡಿ ನೆಲ ಪೂರ್ತಿ ನೆರಳು. ಒಂಬತ್ತರ ನಂತರ ಬಿಸಿಲು ಒಳಗೋಡೆಯ ಬುಡದಿಂದ ಈಚೆಗೆ ನಿಧಾನವಾಗಿ ಸರಿಯುತ್ತದೆ. ಹೊರಗೋಡೆಗೆ ಒತ್ತಿಕೊಂಡಿರುವ ಕುಂಡವನ್ನು ಅದು ಮುಟ್ಟುವ ಹೊತ್ತಿಗೆ ಮೇಲಿನ ಸ್ಲ್ಯಾಬ್ ಅಡ್ಡ ಬಂದಿರುತ್ತದೆ. ಹೂಗಿಡಗಳನ್ನು ಅತ್ಯಂತ ಕತ್ತಲೆಯ ಜಾಗದಲ್ಲಿ ಕೂರಿಸಿದ್ದೀರಿ.

ಹಾಗಾಗಿ ಮೊದಲ ಕೆಲಸ ಎತ್ತರಿಸುವುದು. ಗೋಡೆಯ ಒಳಬದಿಗೆ 2 ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಹೂವಿನ ಕುಂಡಗಳನ್ನು ಇಡಿ, ಎಲೆಗಳು ಗೋಡೆಯ ಅಂಚಿಗಿಂತ ಮೇಲೆ ಬರಬೇಕು. ಗೋಡೆಯ ಹೊರಮೈಗೆ ಕುಂಡ ನೇತುಹಾಕುವುದು ಬೇಡವೇ ಬೇಡ, ಕೆಳಗೆ ಜನ ಓಡಾಡುತ್ತಾರೆ. ನೆಲದ ಜಾಗ ಎಲೆಗಿಡಗಳಿಗಿರಲಿ.

ಈಗ ಗಿಡ. ದುಂಡುಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಗುಲಾಬಿ, ಟೇಬಲ್ ರೋಸ್, ಅಡೇನಿಯಂ, ಬೋಗನ್‌ವಿಲ್ಲಾ ಎಲ್ಲಕ್ಕೂ ಅಷ್ಟೇ. ಗೊಬ್ಬರ ಹಾಕಿ ಆ ಕೊರತೆ ತುಂಬಲಾಗದು, ಸಾರಜನಕ ಹೆಚ್ಚಾದಷ್ಟೂ ಬಳ್ಳಿ ಇನ್ನಷ್ಟು ಚಾಚುತ್ತದೆ. ಅವನ್ನು ತಾರಸಿ ಇರುವವರಿಗೆ ಕೊಟ್ಟುಬಿಡಿ.

ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ್ದು ಕನಕಾಂಬರ. ಅರೆನೆರಳನ್ನು ತಡೆಯುತ್ತದೆ, ಎತ್ತರ 2 ಅಡಿಯ ಆಸುಪಾಸು, ಕಡುಹಸಿರು ಎಲೆ ಹೂವಿಲ್ಲದಾಗಲೂ ಕಣ್ಣಿಗೆ ಹಿತ. ಹೊಲದಲ್ಲಿ ಬಿಡುವಷ್ಟು ಹೂ ನಿರೀಕ್ಷಿಸಬೇಡಿ, ಮುಡಿಗೆ ಸಾಲುವಷ್ಟು ಸಿಗುತ್ತದೆ. ಡೆಲ್ಲಿ ಕನಕಾಂಬರ ಎಂದು ಕೇಳಿ ತನ್ನಿ: ಹೂ ದೊಡ್ಡದು, ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅಂಬರ ಸಿಕ್ಕರೂ ಒಳ್ಳೆಯದೇ. 10 ಇಂಚಿನ ಕುಂಡಕ್ಕೆ ಒಂದೇ ಗಿಡ. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ತುದಿ ಮುಗಿದ ಕೂಡಲೇ ತೆನೆಯನ್ನು ಬುಡದ ಗಿಣ್ಣಿನವರೆಗೆ ಕತ್ತರಿಸಿ. ಬಿಟ್ಟರೆ ಹೊಸ ತೆನೆ ತಡವಾಗುತ್ತದೆ.

ಜೊತೆಗೆ ಮೇಣದೆಲೆಯ ಬಿಗೋನಿಯಾ, 8 ಇಂಚಿನ ಕುಂಡಕ್ಕೆ ಎರಡು. ಬೆಳಗಿನ ಎಳೆಬಿಸಿಲು ಅದಕ್ಕೆ ತುಂಬಾ ಇಷ್ಟ. ಮಳೆಗಾಲದಲ್ಲಿ ಕರ್ಣಕುಂಡಲವನ್ನು ಬೀಜದಿಂದಲೇ ಎಬ್ಬಿಸಬಹುದು. ಪರಿಮಳಕ್ಕೆ ಪಚ್ಚೆತೆನೆ ಇಡಿ. ಹೂವಿನ ಮಾಲೆಯಲ್ಲಿ ಸೇರಿಸುತ್ತಾರಲ್ಲ, ಅದೇ. ಅರೆನೆರಳಲ್ಲೂ ಎಲೆ ದಟ್ಟವಾಗಿ ಬರುತ್ತದೆ.

ಬೇರುಮಣ್ಣು:
ಬೆಳಕಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಆದರೆ ಟೇಬಲ್ ರೋಸ್ ಕೊಳೆತದ್ದಕ್ಕೆ ನೆರಳೊಂದೇ ಕಾರಣವಲ್ಲ, ತಳದ ಜಲ್ಲಿಗೂ ಅದರಲ್ಲಿ ಪಾಲಿದೆ. ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ, ಆಗುವುದು ತದ್ವಿರುದ್ಧ. ನುಣ್ಣನೆಯ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಹನಿಕುತ್ತದೆ. ಹಾಗಾಗಿ ಕುಂಡದ ತಳದಲ್ಲಿರಬೇಕಾದ ಜವುಗು ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. 6 ಇಂಚಿನ ಕುಂಡದಲ್ಲಿ ಒಂದೂವರೆ ಇಂಚು ಜಲ್ಲಿಗೇ ಹೋದರೆ ಬೇರಿಗೆ ಉಳಿಯುವುದೆಷ್ಟು? ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಅಥವಾ ತೆಂಗಿನ ನಾರು ಸಾಕು.

ಹದ ಹೀಗಿರಲಿ, ಒಂದೇ ಬಟ್ಟಲಲ್ಲಿ ಅಳೆದು: ಕೆಂಪು ಮಣ್ಣು 1 ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2, ಎರೆಗೊಬ್ಬರ 1, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ಕಡಲೆ ಗಾತ್ರದ ಇದ್ದಿಲು ಚೂರು ಅರ್ಧ ಪಾಲು. ಪ್ರತಿ 10 ಲೀಟರ್ ಮಿಶ್ರಣಕ್ಕೆ 50 ಗ್ರಾಂ ಬೇವಿನ ಹಿಂಡಿ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ನೀರು ಬದಲಿಸಿ ಎರಡು ಮೂರು ಸಲ ತೊಳೆಯಿರಿ. ತೊಳೆಯದಿದ್ದರೆ ಅದರ ಉಪ್ಪಿಗೆ ಎಳೆಬೇರು ಸುಡುತ್ತದೆ. ಕನಕಾಂಬರದ ಬೇರಿಗೆ ಜಂತುಹುಳು ಬೇಗ ತಗಲುತ್ತದೆ: ಗಿಡ ಕುಗ್ಗಿ ಎಲೆ ಹಳದಿಯಾಗುತ್ತದೆ, ಕಿತ್ತು ನೋಡಿದರೆ ಬೇರಲ್ಲಿ ಗಂಟುಗಳು. ಹೊರಗಿನ ಮಣ್ಣು ತಂದರೆ ಏಪ್ರಿಲ್, ಮೇ ಬಿಸಿಲಲ್ಲಿ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ನಾಲ್ಕು ವಾರ ಕಾಯಿಸಿಯೇ ಬಳಸಿ.

ಈ ಮಿಶ್ರಣದ ಇನ್ನೊಂದು ಲಾಭ ತೂಕ. 12 ಇಂಚಿನ ಕುಂಡ ಸುಮಾರು 14 ಲೀಟರ್ ಹಿಡಿಯುತ್ತದೆ. ಬರೀ ಕೆಂಪು ಮಣ್ಣಾದರೆ ನೆನೆದಾಗ 20 ಕಿಲೋ ದಾಟುತ್ತದೆ, ಹೀಗೆ ಕಲಸಿದರೆ ಅದರ ಮುಕ್ಕಾಲಿಗಿಂತ ಹೆಚ್ಚಾಗದು.

14 ಚಿಕ್ಕ ಕುಂಡಗಳ ಬದಲು 7 ದೊಡ್ಡವು ಸಾಕು. ಬೇಸಿಗೆಯಲ್ಲಿ 6 ಇಂಚಿನ ಕುಂಡ ಮಧ್ಯಾಹ್ನಕ್ಕೇ ಒಣಗುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ನೀರು ಹಾಕಿ. ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ.

ಎಲೆಬಣ್ಣ:
ಜೋಡಣೆಯ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕ ಜಾಗದಲ್ಲಿ ಹತ್ತು ಬಗೆಯ ಹತ್ತು ಗಿಡ ಇಟ್ಟರೆ ನರ್ಸರಿಯ ಮೂಲೆಯಂತೆ ಕಾಣುತ್ತದೆ. ಒಂದು ಹೂಬಣ್ಣ ಹಿಡಿದು ಅದನ್ನೇ ಮರುಕಳಿಸಿ. ಸ್ಟ್ಯಾಂಡಿನ ಮೇಲೆ ಮೂರು ಕನಕಾಂಬರ, ಅವುಗಳ ನಡುವೆ ಎರಡು ಬಿಳಿ ಬಿಗೋನಿಯಾ. ಕಿತ್ತಳೆ ಬಣ್ಣ ಬಿಳಿಯ ಪಕ್ಕದಲ್ಲಿ ಎದ್ದು ಕಾಣುತ್ತದೆ, ಕೆಂಪಿನ ಪಕ್ಕದಲ್ಲಿ ಮಂಕಾಗುತ್ತದೆ. ಒಳಗೋಡೆಯ ಮೂಲೆಗೆ 12 ಇಂಚಿನ ಕುಂಡದಲ್ಲಿ ಕೆಂಗಂದು ಕೋಲಿಯಸ್. ಹೂತೆನೆ ಬಂದಾಗೆಲ್ಲ ಚಿವುಟಿ, ಇಲ್ಲದಿದ್ದರೆ ಕೆಳಗಿನ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಸ್ಲ್ಯಾಬಿನ ಕೊಕ್ಕೆಗೆ ಒಂದು ಬಾಸ್ಟನ್ ಫರ್ನ್, ನೆಲಕ್ಕೆ ಬಿಳಿಗೀರಿನ ಸ್ಪೈಡರ್ ಪ್ಲಾಂಟ್.

ಮಗು ಇರುವುದರಿಂದ ಡೈಫೆನ್‌ಬೇಕಿಯಾ ಮನೆಗೇ ಬೇಡ. ಎಲೆ ಕಚ್ಚಿದರೆ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಹರಳು ಬಾಯಿ, ನಾಲಿಗೆಗೆ ಚುಚ್ಚಿ ಊತ ಬರುತ್ತದೆ. ಮನಿಪ್ಲಾಂಟ್, ಪೀಸ್ ಲಿಲಿಯಲ್ಲೂ ಅದೇ ಹರಳು. ನರ್ಸರಿಯಲ್ಲಿ ನೆರಳಿಗೆ ಎಂದರೆ ಮೊದಲು ತೋರಿಸುವುದು ಇವನ್ನೇ.

ಮೂರನೇಮಹಡಿ:
ಗೋಡೆಯ ನೆರಳಿನ ವಿಷಯ ಇವತ್ತು ಬೆಳಿಗ್ಗೆ ನಿಂತು ನೋಡಿದೆ, ನೀವು ಹೇಳಿದಂತೆಯೇ ಇದೆ. ಇನ್ನೆರಡು ಪ್ರಶ್ನೆ. ಉತ್ತರಕ್ಕೆ ಒಂದು ಚಿಕ್ಕ ಯುಟಿಲಿಟಿ ಇದೆ, ಅಲ್ಲಿ ಏನಾದರೂ ಇಡಬಹುದೇ? ನಮ್ಮದು ಬೋರ್‌ವೆಲ್ ನೀರು, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದೆ.

ಹಸಿರುಮೆಟ್ಟಿಲು:
ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಹಾಗಾಗಿ ಆ ನಾಲ್ಕು ತಿಂಗಳು ಉತ್ತರದ ಬದಿಗೂ ಒಂದಿಷ್ಟು ನೇರ ಬಿಸಿಲು ತಾಗುತ್ತದೆ, ಉಳಿದ ಎಂಟು ತಿಂಗಳು ಹೆಚ್ಚಾಗಿ ಬರೀ ಬೆಳಕು. ವರ್ಷಪೂರ್ತಿ ಹೂ ಅಲ್ಲಿ ಆಗದು. ದೊಡ್ಡಪತ್ರೆ, ಒಂದೆಲಗ ಇಡಿ. ಒಂದೆಲಗಕ್ಕೆ 5 ಇಂಚು ಆಳದ ಅಗಲ ತೊಟ್ಟಿ ಸಾಕು, ಅಂಚಿನಿಂದ ಇಳಿಬಿದ್ದಾಗ ತುಂಬಾ ಚೆಂದ.

ಬೇರುಮಣ್ಣು:
ಬಿಳಿ ಪೊರೆ ಗಡಸು ನೀರಿನ ಲವಣ. ಸ್ಪೈಡರ್ ಪ್ಲಾಂಟಿನ ಎಲೆತುದಿ ಕಂದಾಗುವುದಕ್ಕೂ ಇದು ಒಂದು ಕಾರಣ. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಅದರ ಗಾತ್ರದ ಎರಡು ಮೂರು ಪಟ್ಟು ನೀರು ನಿಧಾನವಾಗಿ ಹರಿಸಿ ತೊಳೆಯಿರಿ, ಸಾಧ್ಯವಾದರೆ ಹಿಡಿದಿಟ್ಟ ಮಳೆನೀರಿನಲ್ಲಿ. ಗೊಬ್ಬರ ಕೊಡುವುದು ಅದಾದ ಮೇಲೆ: ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರ್ ನೀರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಗಡಸು ನೀರಿನ ಕ್ಷಾರದಿಂದ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ಸಿಗದೆ ಹೀಗಾಗುತ್ತದೆ. ಬೇರು ಹೀರಬಲ್ಲ ರೂಪದ ಚೀಲೇಟೆಡ್ ಕಬ್ಬಿಣ ಕೊಡಬೇಕು, ಮೊಳೆ ಹೂತಿಟ್ಟರೆ ಪ್ರಯೋಜನವಿಲ್ಲ.

ಎಲೆಬಣ್ಣ:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಸ್ಲ್ಯಾಬಿನ ಕೆಳಗೆ ಎಲೆಗೆ ಮಳೆಯೇ ತಾಗುವುದಿಲ್ಲ. ಧೂಳು ಕೂರುತ್ತದೆ, ಮಾರ್ಚ್‌ನಿಂದ ಮೇವರೆಗಿನ ಒಣಹವೆಯಲ್ಲಿ ನುಸಿ ಹೆಚ್ಚುತ್ತದೆ. ವಾರಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ನೀರು ಸಿಂಪಡಿಸಿ. ಹಿಟ್ಟುತಿಗಣೆ ಕಂಡರೆ ಲೀಟರ್ ನೀರಿಗೆ ಬೇವಿನೆಣ್ಣೆ 5 ಮಿಲಿ, ಪಾತ್ರೆ ತೊಳೆಯುವ ದ್ರವ ಸೋಪು 1 ಮಿಲಿ. ಮೊದಲು ಸೋಪು ಮತ್ತು ಎಣ್ಣೆ ಕಲಸಿ, ಆಮೇಲೆ ನೀರು. ಸಂಜೆ ಹೊಡೆಯಿರಿ, ವಾರ ಬಿಟ್ಟು ಇನ್ನೊಮ್ಮೆ. ಫರ್ನ್‌ಗೆ ಮಾತ್ರ ಬೇಡ, ಎಣ್ಣೆಗೆ ಅದರ ಎಲೆ ಸುಟ್ಟುಹೋಗುತ್ತದೆ.