ಹೊಟ್ಟೆಯ ಹಿಂಭಾಗದಲ್ಲಿ ನರದ ಗೆಡ್ಡೆ: ಬಯಾಪ್ಸಿ ಮೊದಲೋ, ಆಪರೇಷನ್ ಮೊದಲೋ?

ಪ್ರಶ್ನೆ:
ನನ್ನ ಅಕ್ಕನಿಗೆ 48 ವರ್ಷ. ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಸಿಗಲಿಲ್ಲ. ಬದಲಿಗೆ ಎಡ ಕಿಡ್ನಿಯ ಕೆಳಗೆ, ಬೆನ್ನುಮೂಳೆಯ ಪಕ್ಕದ ಸೋಯಾಸ್ ಸ್ನಾಯುವಿನಲ್ಲಿ 6 ಸೆಂ.ಮೀ. ಗಾತ್ರದ ಗೆಡ್ಡೆ ಕಂಡಿತು. ಎಂಆರ್‌ಐ ವರದಿಯಲ್ಲಿ ಶ್ವಾನೋಮಾ (ನರದ ಹೊದಿಕೆಯಿಂದ ಹುಟ್ಟುವ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗೆಡ್ಡೆ) ಇರಬಹುದು, ಪ್ಯಾರಾಗ್ಯಾಂಗ್ಲಿಯೋಮಾ (ಇನ್ನೊಂದು ಬಗೆಯ ಗೆಡ್ಡೆ) ಅಲ್ಲವೆಂದು ಖಚಿತಪಡಿಸಿಕೊಳ್ಳಿ ಎಂದಿದೆ. ಎಡತೊಡೆಯ ಮುಂಭಾಗ ಆಗಾಗ ಜೋಮು ಹಿಡಿಯುತ್ತದೆ, ಅಷ್ಟೇ. ಒಬ್ಬ ವೈದ್ಯರು ಬಯಾಪ್ಸಿ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ನೇರವಾಗಿ ತೆಗೆದುಬಿಡೋಣ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ 1 (ಶಸ್ತ್ರಚಿಕಿತ್ಸಕ):
ಎರಡಕ್ಕೂ ಮೊದಲು ರಕ್ತದ ಅಥವಾ 24 ಗಂಟೆಗಳ ಮೂತ್ರದ ಮೆಟಾನೆಫ್ರಿನ್ (ಅಡ್ರಿನಲಿನ್ ಬಗೆಯ ಹಾರ್ಮೋನುಗಳು ಒಡೆದಾಗ ಉಂಟಾಗುವ ವಸ್ತು) ಪರೀಕ್ಷೆ ಆಗಲಿ. ಪ್ಯಾರಾಗ್ಯಾಂಗ್ಲಿಯೋಮಾ ಅಡ್ರಿನಲಿನ್ ಬಗೆಯ ಹಾರ್ಮೋನುಗಳನ್ನು ಸ್ರವಿಸಬಲ್ಲದು. ಅದು ತಿಳಿಯದೆ ಸೂಜಿ ಚುಚ್ಚಿದರೆ ಅಥವಾ ಆಪರೇಷನ್‌ನಲ್ಲಿ ಗೆಡ್ಡೆಯನ್ನು ಅಲುಗಾಡಿಸಿದರೆ ರಕ್ತದೊತ್ತಡ ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರಬಹುದು. ನಿಮ್ಮ ಅಕ್ಕನವರಿಗೆ ಬಿಪಿ ಇಲ್ಲದಿದ್ದರೂ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಅದು ಸಹಜವಾಗಿದ್ದರೆ ಬಯಾಪ್ಸಿಗೆ ಅರ್ಥವಿದೆ, ಏಕೆಂದರೆ ಇದೇ ಜಾಗದಲ್ಲಿ ಬೆಳೆಯುವ ಸಾರ್ಕೋಮಾ ಎಂಬ ಕ್ಯಾನ್ಸರ್ ಗೆಡ್ಡೆಗೆ ಸುತ್ತಲಿನ ಅಂಗಾಂಶವನ್ನೂ ಸೇರಿಸಿ ಅಗಲವಾಗಿ ಕತ್ತರಿಸಬೇಕು, ಶ್ವಾನೋಮಾಕ್ಕೆ ಅದು ಬೇಡ. ಸೂಜಿಯನ್ನು ಸಿಟಿ ನೋಡಿಕೊಂಡು ಬೆನ್ನಿನ ಕಡೆಯಿಂದ ಹಾಕುವುದು ರೂಢಿ.

ಉತ್ತರ 2 (ಪೆಥಾಲಜಿ ವಿಭಾಗದವರು):
ಮೇಲಿನ ಮಾತಿಗೆ ಒಂದು ಸೇರ್ಪಡೆ. ಬಹುಕಾಲ ಬೆಳೆದ ಶ್ವಾನೋಮಾದ ಒಳಗೆ ನೀರು ತುಂಬಿದ ಪೊಳ್ಳುಗಳೂ ಹಳೆಯ ರಕ್ತಸ್ರಾವದ ಗುರುತುಗಳೂ ಇರುತ್ತವೆ. ಸೂಜಿ ಅಲ್ಲಿಗೆ ಹೋದರೆ ಏನೂ ಹೇಳಲಾಗದ ವರದಿ ಬರುತ್ತದೆ. ಹಾಗಾಗಿ ಬರಿಯ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶಗಳನ್ನಷ್ಟೇ ಹೀರಿ ತೆಗೆಯುವುದು) ಸಾಲದು, ಕೋರ್ ಬಯಾಪ್ಸಿಯೇ (ದಪ್ಪ ಸೂಜಿಯಿಂದ ಅಂಗಾಂಶದ ತುಂಡು ತೆಗೆಯುವುದು) ಬೇಕು. ನಾವು ನೋಡುವುದು ಒತ್ತೊತ್ತಾಗಿ ಜೋಡಿಸಿಟ್ಟಂತಿರುವ ಕೋಶಗಳ ಆಂಟೋನಿ ಎ ಭಾಗ, ಸಡಿಲವಾದ ಆಂಟೋನಿ ಬಿ ಭಾಗ ಮತ್ತು ಗೆಡ್ಡೆಯುದ್ದಕ್ಕೂ ಗಾಢವಾಗಿ ಬಣ್ಣ ಹಿಡಿಯುವ ಎಸ್-100 ಎಂಬ ಪ್ರೋಟೀನ್. ಯಾರಾದರೂ ಪೆಟ್ ಸ್ಕ್ಯಾನ್ ಮಾಡಿಸಿ ಗೆಡ್ಡೆ ಹೊಳೆಯುತ್ತಿದೆ, ಕ್ಯಾನ್ಸರ್ ಇರಬಹುದು ಎಂದು ಹೆದರಿಸಿದರೆ ತಕ್ಷಣ ನಂಬಬೇಡಿ. ಅಪಾಯವಿಲ್ಲದ ಶ್ವಾನೋಮಾ ಕೂಡ ಹಾಗೆ ಹೊಳೆಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೆಟಾನೆಫ್ರಿನ್ ಸಹಜವಾಗಿದೆ, ಬಯಾಪ್ಸಿಯಲ್ಲಿ ಶ್ವಾನೋಮಾ ಎಂದೇ ಬಂದಿದೆ. ಗೆಡ್ಡೆಯ ಜೊತೆ ನರವನ್ನೂ ಕತ್ತರಿಸಬೇಕಾಗುತ್ತದೆಯೇ? ಕಾಲಿನ ಶಕ್ತಿ ಹೋದೀತೆಂದು ಅಕ್ಕ ಹೆದರಿದ್ದಾಳೆ.

ಉತ್ತರ 1 (ಶಸ್ತ್ರಚಿಕಿತ್ಸಕ):
ಸಾಮಾನ್ಯವಾಗಿ ಇಡೀ ನರವನ್ನು ಕತ್ತರಿಸುವುದಿಲ್ಲ. ಶ್ವಾನೋಮಾ ನರದ ಒಂದೆರಡು ಎಳೆಗಳ ಹೊದಿಕೆಯಿಂದ ಹುಟ್ಟಿ, ಉಳಿದ ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತಾ ತನ್ನದೇ ಪೊರೆಯೊಳಗೆ ಬೆಳೆಯುತ್ತದೆ. ನರಕ್ಕೆ ಸಣ್ಣ ವಿದ್ಯುತ್ ಕೊಡುವ ನರ್ವ್ ಸ್ಟಿಮ್ಯುಲೇಟರ್‌ನಿಂದ ಮುಟ್ಟಿ ನೋಡಿ, ಸ್ನಾಯು ಮಿಡಿಯದ ಜಾಗವನ್ನು ಹುಡುಕಿ, ಎಳೆಗಳ ಉದ್ದಕ್ಕೆ ಪೊರೆಯನ್ನು ಸೀಳಿ ಒಳಗಿನ ಗೆಡ್ಡೆಯನ್ನು ಬಿಡಿಸಿ ತೆಗೆಯುತ್ತಾರೆ. ಆದರೂ ಅಪಾಯವೇ ಇಲ್ಲವೆನ್ನಲಾರೆ: ಸೋಯಾಸ್ ಸ್ನಾಯುವಿನೊಳಗಿಂದ ಬರುವ ತೊಡೆಯ ನರಕ್ಕೆ ಪೆಟ್ಟಾದರೆ ಮಂಡಿಯನ್ನು ನೇರ ಮಾಡುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ, ಮತ್ತು ಅದು ಸುಧಾರಿಸಲು ತಿಂಗಳುಗಳೇ ಹಿಡಿಯಬಹುದು. ಲಕ್ಷಣವೇ ಇಲ್ಲದವರಿಗೆ ಕಾಲಕಾಲಕ್ಕೆ ಎಂಆರ್‌ಐ ಮಾಡಿಸಿ ಕಾದು ನೋಡುವುದೂ ಸರಿಯಾದ ದಾರಿಯೇ. ಇಲ್ಲಿ ಜೋಮು ಶುರುವಾಗಿರುವುದರಿಂದ, ನರ ಇನ್ನಷ್ಟು ನಲುಗುವ ಮೊದಲೇ ತೆಗೆಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಅವಸರವಿಲ್ಲ, ಏಕೆಂದರೆ ಇದು ನಿಧಾನವಾಗಿ ಬೆಳೆಯುವ ಗೆಡ್ಡೆ. ಗೆಡ್ಡೆ ಯಾವ ನರದ್ದು, ಆಪರೇಷನ್‌ನಲ್ಲಿ ಸ್ಟಿಮ್ಯುಲೇಟರ್ ಬಳಸುತ್ತೀರಾ, ನರತಜ್ಞ ಶಸ್ತ್ರಚಿಕಿತ್ಸಕರು ಜೊತೆಗಿರುತ್ತಾರೆಯೇ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.