ಅಂಗಳಕ್ಕೆ ನಲ್ಲಿ ಬಂದಿದೆ, ಬಚ್ಚಲು ನೀರಿಗೆ ಹಣ ಎಲ್ಲಿದೆ?

ಕಾಗಿಣಾ ದಂಡೆ

ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ, 2,400 ಜನ. ಜಲ ಜೀವನ್ ಮಿಷನ್ ಪೈಪ್ ಹಾಕಲು ಮನೆ ಮುಂದಿನ ಫರಸಿ ಕಲ್ಲು ಏಳನ್ನು ಎಬ್ಬಿಸಿದರು, ನಾಲ್ಕನ್ನು ಮರಳಿ ಹಾಸಿದರು. ಉಳಿದ ಮೂರು ಒಡೆದವು ಎಂದರು, ಚೂರು ತೋರಿಸಲಿಲ್ಲ. ಇರಲಿ.

ಮೂರು ದಿನಕ್ಕೊಮ್ಮೆ ಒಂದು ತಾಸು ನೀರು ಬರುತ್ತದೆ. ನಮ್ಮದು ಅಗಸಿಗಿಂತ, ಅಂದರೆ ಊರ ಬಾಗಿಲಿಗಿಂತ, ಮೇಲಿನ ಓಣಿ. ಮೊನ್ನೆ ಮೊಬೈಲ್‌ನಲ್ಲಿ ಸಮಯ ನೋಡುತ್ತಾ ಹಿಡಿದೆ: ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಆರು ನಿಮಿಷ. ಅಂದರೆ ತಾಸಿಗೆ 200 ಲೀಟರ್. ಮನೆಯಲ್ಲಿ ಐದು ಜನ. ತಲೆಗೆ ದಿನಕ್ಕೆ 55 ಲೀಟರ್ ಎಂಬ ಸರ್ಕಾರದ್ದೇ ಲೆಕ್ಕ ಹಿಡಿದರೆ ಮೂರು ದಿನಕ್ಕೆ 825 ಲೀಟರ್ ಬರಬೇಕು. ಅದೇ ತಾಸಿನಲ್ಲಿ ಕೆಳಗಿನ ಓಣಿಯ ನಲ್ಲಿಗಳು ಉಕ್ಕಿ ಹರಿಯುತ್ತವೆ. ಆ ನೀರು, ಬಚ್ಚಲು ನೀರು ಎಲ್ಲ ಸೇರಿ ಶಾಲೆಯ ಗೇಟಿನ ಮುಂದೆ ನಿಲ್ಲುತ್ತದೆ, ಏಕೆಂದರೆ ಚರಂಡಿ ಇಲ್ಲ. ಮಕ್ಕಳು ಅದರೊಳಗೆ ಹಾಕಿದ ಕಲ್ಲುಗಳ ಮೇಲೆ ಕಾಲಿಟ್ಟು ದಾಟುತ್ತಾರೆ. ಆ ಕಲ್ಲುಗಳಲ್ಲಿ ಎರಡು ನಮ್ಮವೇ ಎಂದು ನನ್ನ ಅನುಮಾನ.

ಈಗ ವಿಷಯ. ಹದಿನೈದು ದಿನದ ಹಿಂದೆ ಪಂಚಾಯಿತಿಯಿಂದ ಒಬ್ಬರು ಬಂದು, "ಅಕ್ಕಾ, ನೀವು ನೀರು ಸಮಿತಿಯ ಸದಸ್ಯರು, ಇಲ್ಲೊಂದು ಸಹಿ ಹಾಕಿ" ಎಂದರು. ನಾನು ಸದಸ್ಯೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಕಾಗದದಲ್ಲಿ ಊರಿನ ಎಲ್ಲ ಮನೆಗೂ ನೀರು ತಲುಪಿದೆ ಎಂದು ಬರೆದಿತ್ತು. ಕನ್ನಡಕ ಸಿಗುತ್ತಿಲ್ಲ ಎಂದು ಹೇಳಿ ಕಳಿಸಿದೆ. ಅದು ತಲೆಯ ಮೇಲೇ ಇತ್ತು.

ಸಹಿ ಹಾಕದಿದ್ದರೆ ಊರಿನ ಹಣ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ? "ನೀರಿನ ಯೋಜನೆಯಲ್ಲಿ ಚರಂಡಿ ಬರುವುದಿಲ್ಲ" ಎನ್ನುವವರಿಗೆ ಏನು ಹೇಳಬೇಕು?

ಹಳೇ ದಫ್ತರ

ತಂಗೀ, ಕನ್ನಡಕ ಇನ್ನೂ ಸ್ವಲ್ಪ ದಿನ ಸಿಗದಿರಲಿ.

ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು, ಸೇಡಂ ಕಡೆಯವನು. ಎಲ್ಲ ಮನೆಗೂ ನೀರು ಬಂದಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ ಠರಾವು ಮಾಡಬೇಕು. ಮನೆ ಬಾಗಿಲಲ್ಲಿ ಸಹಿ ಒಟ್ಟುಗೂಡಿಸಿದರೆ ಅದು ಠರಾವಾಗುವುದಿಲ್ಲ. ಸಮಿತಿಯಲ್ಲಿ 10ರಿಂದ 15 ಜನ, ಅದರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ನಿಮ್ಮ ಹೆಸರು ಹಾಗೆ ಬಿದ್ದಿರಬೇಕು. ಬಿದ್ದದ್ದು ಒಳ್ಳೆಯದೇ ಆಯಿತು.

ನಮ್ಮ ರಾಜ್ಯದಲ್ಲಿ ಈ ಯೋಜನೆಗೆ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಊರೊಳಗಿನ ಕೆಲಸದ ವೆಚ್ಚದಲ್ಲಿ ಶೇ 10 ಊರಿನವರ ವಂತಿಗೆ. ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರಾದರೆ ಶೇ 5. ನಗದೇ ಆಗಬೇಕೆಂದಿಲ್ಲ, ಸಾಮಾನು ಕೊಟ್ಟರೂ ಕೂಲಿ ಮಾಡಿದರೂ ನಡೆಯುತ್ತದೆ. ನಿಮ್ಮ ಮೂರು ಕಲ್ಲನ್ನು ಅದರಲ್ಲಿ ಜಮಾ ಹಿಡಿಯಲು ಹೇಳಿ.

ಚರಂಡಿಯ ಮಾತು ಅರ್ಧ ಸತ್ಯ. ಬಚ್ಚಲು ನೀರಿನ ವಿಲೇವಾರಿಯೂ ಊರಿನ ಕ್ರಿಯಾ ಯೋಜನೆಯಲ್ಲಿ ಇರಬೇಕು, ಹಣ ಮಾತ್ರ ಬೇರೆ ಬಾಬಿನಿಂದ. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ 5,000 ಜನಸಂಖ್ಯೆಯವರೆಗಿನ ಊರಿಗೆ ಬಚ್ಚಲು ನೀರಿಗೆಂದು ತಲೆಗೆ 280 ರೂಪಾಯಿವರೆಗೆ, ಕಸಕ್ಕೆ 60 ರೂಪಾಯಿವರೆಗೆ ಇಟ್ಟಿದ್ದರು. ನಿಮ್ಮ ಊರಿಗೆ ಗುಣಿಸಿ: 6,72,000 ಮತ್ತು 1,44,000. ಇದರಲ್ಲಿ ಶೇ 30ನ್ನು ಪಂಚಾಯಿತಿಯು 15ನೇ ಹಣಕಾಸು ಆಯೋಗದ (2021–26) ಅನುದಾನದಿಂದ ಹಾಕಬೇಕಿತ್ತು. ಆ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಅದು ಯಾವ ಕೆಲಸಕ್ಕೆ ಹೋಯಿತು ಎಂಬುದನ್ನು ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಯ ಹೆಸರು ಹಾಕಿ ನೋಡಿ. ಹಣ ಇಲ್ಲ ಎಂದು ಕೈಚೆಲ್ಲಿದ ಕಡೆ ಕೇಳಿದವರೇ ಇರಲಿಲ್ಲ ಎಂಬುದನ್ನು ನಾನು ನನ್ನ ಕೆಲಸದ ಕಾಲದಲ್ಲೇ ಕಂಡಿದ್ದೇನೆ. ಕೆಲವೊಮ್ಮೆ ಹಾಗೆ ಕೈಚೆಲ್ಲಿದವನು ನಾನೇ.

ಕೆಂಪು ನೆಲ

ಅಕ್ಕನವರೇ, ಸಿಮೆಂಟ್ ಚರಂಡಿಯ ಹಿಂದೆ ಏಕೆ ಬೀಳುತ್ತೀರಿ? ಉದ್ಯೋಗ ಖಾತ್ರಿಯಲ್ಲಿ ಮನೆಮನೆಗೆ ಇಂಗುಗುಂಡಿ ಮಾಡಿಸಿ. ಬೀದರದ ನಮ್ಮ ಊರಿನಲ್ಲಿ ಎರಡು ವರ್ಷದಿಂದ ಓಣಿ ಒಣಗಿದೆ.

ಕಾಗಿಣಾ ದಂಡೆ

ಅಣ್ಣಾ, ನಿಮ್ಮದು ಜಂಬಿಟ್ಟಿಗೆ ನೆಲ, ನೀರು ಕುಡಿಯುತ್ತದೆ. ನಮ್ಮದು ಎರೆ, ಕಪ್ಪು ಮಣ್ಣು. ಒಮ್ಮೆ ನೆನೆದರೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಐದು ಅಡಿ ಕೆಳಗೆ ಹಾಸುಗಲ್ಲು. ಪಕ್ಕದ ಮನೆಯವರ ಗುಂಡಿ ಮಳೆಗಾಲದಲ್ಲಿ ಹೊರಗೇ ಉಕ್ಕಿತು. ಈಗ ಅದರ ಮೇಲೆ ಚಪ್ಪಡಿ ಹಾಕಿ ಕೂತು ತೊಗರಿ ಕೇರುತ್ತಾರೆ.

ಕೆಂಪು ನೆಲ

ಹಾಗಾದರೆ ನನ್ನ ಮಾತು ಹಿಂದಕ್ಕೆ. ಹಿತ್ತಿಲಿದ್ದ ಮನೆಗಳು ಬಾಳೆ, ನುಗ್ಗೆಗೆ ಬಿಡಲಿ; ಉಳಿದದ್ದನ್ನು ಮುಚ್ಚಿದ ಚರಂಡಿಯಲ್ಲಿ ಊರ ಹೊರಗಿನ ಹೊಂಡಕ್ಕೆ ಒಯ್ಯಬೇಕು. ಇಳಿಜಾರು ಯಾವ ಕಡೆಗಿದೆ ಎಂಬುದನ್ನು ಅಂದಾಜು ಪಟ್ಟಿ ಮಾಡುವ ಮೊದಲೇ ಜೆಇಗೆ (ಕಿರಿಯ ಎಂಜಿನಿಯರ್) ನಡೆದು ತೋರಿಸಿ.

ಸುರಪುರದವ

ಸಹಿ ಹಾಕಿಬಿಡಿ. ನಮ್ಮಲ್ಲಿ ಬಿಲ್ಲು ಬಾಕಿ ಎಂದು ಗುತ್ತಿಗೆದಾರ ಅರ್ಧಕ್ಕೆ ಬಿಟ್ಟುಹೋದ. ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ, ನದಿ ನೀರು ಬರುವವರೆಗೆ ಶುದ್ಧ ನೀರಿನ ಘಟಕವೇ ಗತಿ, ಅದೂ ಕೆಟ್ಟಿದೆ. ನಿಮಗೆ ಹನಿಯಾದರೂ ಬರುತ್ತಿದೆ.

ಹಳೇ ದಫ್ತರ

ತಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮುಗಿಯದ ಕೆಲಸಕ್ಕೆ ಮುಗಿದಿದೆ ಎಂದು ಬರೆದುಕೊಟ್ಟರೆ, ನಾಳೆ ನೀರಿಲ್ಲ ಎಂದು ಅರ್ಜಿ ಹಿಡಿದು ಹೋದಾಗ ನಿಮ್ಮ ಸಹಿಯನ್ನೇ ನಿಮಗೆ ತೋರಿಸುತ್ತಾರೆ.

ಕಾಗಿಣಾ ದಂಡೆ

ಎಲ್ಲರಿಗೂ ವಂದನೆ. ಮೇಲಿನ ಓಣಿಯ ಹನ್ನೊಂದು ಮನೆಗಳಲ್ಲಿ ಅದೇ ಬಕೆಟ್ ಇಟ್ಟು ಸಮಯ ಬರೆದುಕೊಂಡೆ. ಎಲ್ಲಕ್ಕಿಂತ ನಿಧಾನ ಹದಿನಾಲ್ಕು ನಿಮಿಷ, ಒಬ್ಬ ಮುದುಕಿಯ ಮನೆಯಲ್ಲಿ. ಸಹಿಯ ಬದಲು ಆ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟೆ. ಜೊತೆಗೆ ಗ್ರಾಮಸಭೆ ಕರೆಯಿರಿ, ಬಚ್ಚಲು ನೀರಿನ ಹಣದ ಲೆಕ್ಕ ಓದಿರಿ ಎಂಬ ಅರ್ಜಿ. ಫರಸಿ ಕಲ್ಲಿನ ವಿಷಯವನ್ನು ಕೊನೆಯಲ್ಲಿ ಸೇರಿಸಿದೆ. ತಲುಪಿದ್ದಕ್ಕೆ ಮೊಹರು ಒತ್ತಿಕೊಡಿ ಎಂದು ಕೇಳಿದೆ.

ಮೊಹರು ಸಿಗುತ್ತಿಲ್ಲ ಎಂದರು. ನಾಳೆ ಮತ್ತೆ ಹೋಗುತ್ತೇನೆ.