ಗ್ರೇಡ್ ಆದ ನಾಣ್ಯಗಳ ಸ್ಲ್ಯಾಬ್‌ಗಳಿಗೆ ಯಾವ ಬೈಂಡರ್ ಹಾಳೆ ಸೂಕ್ತ?

ಪ್ರಶ್ನೆ: ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ಗ್ರೇಡ್ ಮಾಡಿ (ಅಂದರೆ ಸ್ಥಿತಿಯನ್ನು ಪರೀಕ್ಷಿಸಿ ದರ್ಜೆ ಕೊಟ್ಟು) ಸ್ಲ್ಯಾಬ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಟ್ಟ ಸುಮಾರು 30 ನಾಣ್ಯಗಳು ನನ್ನಲ್ಲಿವೆ. ಡಬ್ಬಿಯಲ್ಲಿಟ್ಟರೆ ಒಂದನ್ನು ನೋಡಲು ಹತ್ತನ್ನು ಹೊರತೆಗೆಯಬೇಕಾಗುವುದರಿಂದ, ಪುಟ ತಿರುವಿ ನೋಡುವಂತೆ ಬೈಂಡರ್‌ನಲ್ಲಿಡಲು ಬಯಸಿದ್ದೇನೆ. ಹಾಳೆ ಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ 1: ಮೊದಲು ಪ್ಲಾಸ್ಟಿಕ್ ಯಾವುದೆಂದು ವಿಚಾರಿಸಿ. ಪಿವಿಸಿಯನ್ನು ಮೃದುವಾಗಿಸಲು ಬೆರೆಸುವ ರಾಸಾಯನಿಕವು ಕಾಲಕ್ರಮೇಣ ಹೊರಸೂಸಿ ಸ್ಲ್ಯಾಬ್‌ನ ಮೇಲ್ಮೈಯನ್ನು ಮಬ್ಬಾಗಿಸಬಲ್ಲದು. ಸ್ಲ್ಯಾಬ್‌ನೊಳಗೆ ಗಾಳಿ ಸ್ವಲ್ಪವೂ ಹೋಗುವುದಿಲ್ಲವೆಂದು ಹೇಳಲಾಗದ ಕಾರಣ ಒಳಗಿನ ತಾಮ್ರಕ್ಕೂ ಬೆಳ್ಳಿಗೂ ಅದು ಕ್ಷೇಮವಲ್ಲ. ಹಳೆಯ ಪಿವಿಸಿ ಹಾಳೆಯಲ್ಲಿ ಬಿಡಿಯಾಗಿಟ್ಟಿದ್ದ ನನ್ನ ತಾಮ್ರದ ನಾಣ್ಯವೊಂದರ ಅಂಚಿಗೆ ಹಸಿರು ಜಿಗುಟು ಅಂಟಿಕೊಂಡಿದ್ದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಪಾಲಿಪ್ರೊಪಿಲೀನ್ ಹಾಳೆಯನ್ನೇ ಆರಿಸಿ. ಹೊಸ ಹಾಳೆಯಿಂದ ರಬ್ಬರಿನಂಥ ಕಟು ವಾಸನೆ ಬಂದರೆ ಅದನ್ನು ಬಳಸಲೇಬೇಡಿ.

ಉತ್ತರ 2: ಅಳತೆಯೂ ಅಷ್ಟೇ ಮುಖ್ಯ. ಎರಡೂ ಸಂಸ್ಥೆಗಳ ಸ್ಲ್ಯಾಬ್‌ಗಳು ಗಾತ್ರದಲ್ಲಿ ತುಸು ಭಿನ್ನವಾಗಿರುವುದರಿಂದ ಎರಡನ್ನೂ ಹಾಕಿ ನೋಡಿಯೇ ಕೊಳ್ಳಿ. ಪಾಕೆಟ್ ಬಿಗಿಯಾಗಿದ್ದರೆ ಪ್ರತಿ ಬಾರಿ ಎಳೆಯುವಾಗಲೂ ಸ್ಲ್ಯಾಬ್ ಮೇಲೆ ಸಣ್ಣ ಗೀರುಗಳು ಬೀಳುತ್ತವೆ.

ಉತ್ತರ 3: ಸ್ಲ್ಯಾಬ್ ತುಂಬಿದ ಹಾಳೆಗಳು ಭಾರವಾಗಿರುತ್ತವೆ. ಡಿ ಆಕಾರದ ರಿಂಗ್ ಇರುವ ಗಟ್ಟಿ ಬೈಂಡರ್ ತೆಗೆದುಕೊಂಡು ಹಾಳೆಗಳನ್ನು ಕಡಿಮೆ ಹಾಕಿ. ಇಲ್ಲವಾದರೆ ರಂಧ್ರಗಳ ಬಳಿಯೇ ಅವು ಹರಿಯುತ್ತವೆ.